ಮರದ ಅಚ್ಚಿನಿಂದ ಸಕ್ಕರೆಯ ಗೆರೆಗೆ

1747ರಲ್ಲಿ ಲಂಡನ್ನಿನಲ್ಲಿ ಒಂದು ಅಡುಗೆ ಪುಸ್ತಕ ಪ್ರಕಟವಾಯಿತು. ಬರೆದವಳು ಹ್ಯಾನಾ ಗ್ಲಾಸ್. ಆದರೆ ಮುಖಪುಟದಲ್ಲಿ ಅವಳ ಹೆಸರಿರಲಿಲ್ಲ, ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. ಸುಮಾರು ನೂರು ವರ್ಷ ಮತ್ತೆ ಮತ್ತೆ ಅಚ್ಚಾದ ಆ ಪುಸ್ತಕದಲ್ಲಿ ದೊಡ್ಡ ಕೇಕಿಗೆ ಐಸಿಂಗ್ ಬಳಿಯುವ ಕ್ರಮವೂ ಇದೆ. 24 ಮೊಟ್ಟೆಗಳ ಬಿಳಿ. ಎರಡು ಸಲ ಶುದ್ಧಿ ಮಾಡಿ, ಕುಟ್ಟಿ, ಜರಡಿ ಹಿಡಿದ ಒಂದು ಪೌಂಡ್ ಸಕ್ಕರೆ. ಎರಡನ್ನೂ ಆಳವಾದ ಮಣ್ಣಿನ ಪಾತ್ರೆಗೆ ಸುರಿದು ಎರಡು ಮೂರು ಗಂಟೆ ಕಡೆಯಬೇಕು. ಬೆಳ್ಳಗೆ ಗಟ್ಟಿಯಾದ ಮೇಲೆ ಹಕ್ಕಿಗರಿಯ ಕಟ್ಟಿನಿಂದ ಕೇಕಿನ ಮೈಗೆಲ್ಲ ಬಳಿದು, ಬಣ್ಣ ಕೆಡದ ಹಾಗೆ ಬೆಂಕಿಯೆದುರು ತಿರುಗಿಸುತ್ತ ಒಣಗಿಸಬೇಕು.

ಮದುವೆಯ ಕೇಕಿಗಾದರೆ ಇಷ್ಟೆಲ್ಲ ಪಾಡು ಪಡಬಹುದು. ಮಕ್ಕಳು ಸಂಜೆಗೆ ಮುಗಿಸಿಬಿಡುವ ಒಂದು ತಟ್ಟೆ ಬಿಸ್ಕತ್ತಿಗೆ ಯಾರು ಪಡುತ್ತಾರೆ? ಅದರ ಮೇಲೆ, ಆ ಕಾಲದ ಸಕ್ಕರೆ ಇಂದಿನ ಹಾಗೆ ಪೊಟ್ಟಣದಲ್ಲಿ ಪುಡಿಯಾಗಿ ಬರುತ್ತಿರಲಿಲ್ಲ. ಕಲ್ಲಿನಷ್ಟು ಬಿರುಸಾದ ಶಂಕುವಿನಾಕಾರದ ಗಟ್ಟಿಯಾಗಿ, ನೀಲಿ ಕಾಗದ ಸುತ್ತಿಕೊಂಡು ಬರುತ್ತಿತ್ತು. ಅದನ್ನು ಇಕ್ಕಳದಲ್ಲಿ ಚೂರು ಚೂರೇ ಕತ್ತರಿಸಿ, ಒರಳಿನಲ್ಲಿ ಕುಟ್ಟಿ, ಜರಡಿಯಾಡಬೇಕು. ಶ್ರೀಮಂತರ ಮನೆಯಲ್ಲಿ ಆಳುಗಳಿದ್ದರು. ಉಳಿದವರ ಮನೆಯ ಬಿಸ್ಕತ್ತು ಬೋಳಾಗಿಯೇ ಇರುತ್ತಿತ್ತು.

ಕ್ರಿಸ್‌ಮಸ್ ಬಂದರೆ ಯುರೋಪು, ಅಮೆರಿಕದ ಮನೆಗಳಲ್ಲಿ ತಾಯಿ ಮಕ್ಕಳು ಊಟದ ಮೇಜಿನ ಸುತ್ತ ಕೂತು ಕುಕ್ಕಿಗಳ ಮೇಲೆ ಬಿಳಿ ಗೆರೆ ಎಳೆಯುತ್ತಾರೆ. ಈ ಚಿತ್ರ ಎಷ್ಟು ಪರಿಚಿತವೆಂದರೆ ಅದು ಅನಾದಿಯಿಂದ ಬಂದದ್ದು ಅನ್ನಿಸಿಬಿಡುತ್ತದೆ. ಅಷ್ಟೇನೂ ಹಳೆಯದಲ್ಲ. ಬಿಸ್ಕತ್ತಿನ ಮೇಲೆ ಚಿತ್ರ ಮೂಡಿಸುವ ಆಸೆ ಬಹಳ ಹಳೆಯದು, ನಿಜ. ಆದರೆ ಶತಮಾನಗಳ ಕಾಲ ಆ ಚಿತ್ರವನ್ನು ಬಿಡಿಸುತ್ತಿದ್ದದ್ದು ಸಕ್ಕರೆಯಲ್ಲ, ಮರಗೆಲಸದವನ ಉಳಿ.

ಜರ್ಮನಿಯ ನ್ಯೂರೆಂಬರ್ಗ್ ನಗರಕ್ಕೆ ಹೋದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿನ ಲೆಬ್‌ಕುಖನ್ ಎಂಬ ಜೇನು-ಮಸಾಲೆ ಬಿಸ್ಕತ್ತನ್ನು ಮಾಡುವವನ ಉಲ್ಲೇಖ 1395ರಷ್ಟು ಹಿಂದೆಯೇ ಸಿಗುತ್ತದೆ. ಊರಿನ ಸುತ್ತ ದೊಡ್ಡ ಕಾಡಿತ್ತು, ಕಾಡಿನಲ್ಲಿ ಜೇನಿತ್ತು. ಜೇನು ತೆಗೆಯುವವರಿಗೆ ಚಕ್ರವರ್ತಿ ನಾಲ್ಕನೆಯ ಕಾರ್ಲ್ 1350ರಲ್ಲಿ ವಿಶೇಷ ಹಕ್ಕುಗಳನ್ನೇ ಬರೆದುಕೊಟ್ಟಿದ್ದ. ವ್ಯಾಪಾರದ ದಾರಿಗಳು ಕೂಡುವ ಊರಾದ್ದರಿಂದ ಲವಂಗ, ಏಲಕ್ಕಿ, ಶುಂಠಿ, ಚಕ್ಕೆ, ಮೆಣಸು ಎಲ್ಲವೂ ವೆನಿಸ್ ಕಡೆಯಿಂದ ಅಲ್ಲಿಗೆ ಬಂದು ಬೀಳುತ್ತಿದ್ದವು. ಜೇನು ಮತ್ತು ಹಿಟ್ಟಿನ ಗಟ್ಟಿ ಕಣಕವನ್ನು ಪೇರ್ ಹಣ್ಣಿನ ಮರದ ಹಲಗೆಯಲ್ಲಿ ತಿರುವುಮುರುವಾಗಿ ಕೆತ್ತಿದ ಅಚ್ಚಿಗೆ ಒತ್ತಿ ತೆಗೆದರೆ ಸಂತರು, ಸವಾರರು, ಜೋಡಿ ಹಕ್ಕಿಗಳು, ತೊಟ್ಟಿಲ ಕೂಸುಗಳು ಉಬ್ಬಿ ನಿಲ್ಲುತ್ತಿದ್ದವು. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಊರಿನ ಸಾವಿರಾರು ಮಕ್ಕಳನ್ನು ಕರೆಸಿ ತನ್ನ ಮುಖವಿರುವ ಬಿಸ್ಕತ್ತು ಹಂಚಿದನೆಂದು ನ್ಯೂರೆಂಬರ್ಗಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮತ ಕೇಳುವ ಅಗತ್ಯವಿಲ್ಲದ ದೊರೆಗೂ ಪ್ರಚಾರದ ಚಪಲ ಇತ್ತು ಅನ್ನಬೇಕು.

ಈ ಅಚ್ಚುಗಳು ಬೇಕರಿಯವನ ಆಸ್ತಿ. ಅಪ್ಪನಿಂದ ಮಗನಿಗೆ ಬರುತ್ತಿದ್ದವು. 1643ರಲ್ಲಿ ನ್ಯೂರೆಂಬರ್ಗಿನ ಲೆಬ್‌ಕುಖನ್‌ಗಾರರು ರೊಟ್ಟಿ ಸುಡುವವರಿಂದ ಬೇರೆಯಾಗಿ ತಮ್ಮದೇ ಕಸುಬಿನ ಸಂಘ ಕಟ್ಟಿಕೊಂಡರು. ಸಂಘವೆಂದರೆ ಕಟ್ಟುಕಟ್ಟಳೆ, ಶಿಷ್ಯವೃತ್ತಿ, ಗುಟ್ಟು; ಎಲ್ಲಕ್ಕಿಂತ ಮುಖ್ಯವಾಗಿ ಗಂಡಸರ ಕೂಟ. ಮನೆಯಲ್ಲಿ ಹೆಂಗಸು ಎಷ್ಟೇ ಚೆನ್ನಾಗಿ ಕಣಕ ಕಲಸಲಿ, ಚಿತ್ರದ ಅಚ್ಚು ಅವಳ ಕೈಗೆ ಸುಲಭವಾಗಿ ಸಿಗುವಂತಿರಲಿಲ್ಲ.

ಪೋಲೆಂಡಿನ ತೊರುನ್ ನಗರದ್ದೂ ಇದೇ ಕಥೆ. ಕೋಪರ್ನಿಕಸ್ ಹುಟ್ಟಿದ ಊರು ಅದು. ಅಲ್ಲಿ ಜಿಂಜರ್‌ಬ್ರೆಡ್ ಎಂಬ ಇದೇ ಬಗೆಯ ಮಸಾಲೆ ಬಿಸ್ಕತ್ತು ಮಾಡುವವನ ಹೆಸರು 1380ರ ದಾಖಲೆಯಲ್ಲೇ ಇದೆ. 1825ರಲ್ಲಿ ಹದಿಹರೆಯದ ಸಂಗೀತಗಾರ ಶೊಪಾನ್ ಆ ಊರನ್ನು ನೋಡಿಬಂದು ಗೆಳೆಯನಿಗೆ ಪತ್ರ ಬರೆದ. ಕೋಟೆಕೊತ್ತಳ ನೋಡಿದೆ, ಅದು ಇದು ನೋಡಿದೆ, ಆದರೆ ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಜಿಂಜರ್‌ಬ್ರೆಡ್ ಎಂಬುದು ಪತ್ರದ ಸಾರ. ರಷ್ಯಾದ ತುಲಾದಲ್ಲಿ, ಹಾಲೆಂಡಿನಲ್ಲಿ, ದಕ್ಷಿಣ ಜರ್ಮನಿಯ ಶ್ವಾಬಿಯಾದಲ್ಲಿ ಕೂಡ ಮರದ ಅಚ್ಚೇ ರಾಜ. ಇಂಗ್ಲೆಂಡಿನ ಜಾತ್ರೆಗಳಲ್ಲಿ ಇನ್ನೊಂದು ಷೋಕಿಯಿತ್ತು. ಅಚ್ಚೊತ್ತಿದ ಜಿಂಜರ್‌ಬ್ರೆಡ್ಡಿಗೆ ಮೊಟ್ಟೆಯ ಬಿಳಿ ಸವರಿ, ಅದರ ಮೇಲೆ ಚಿನ್ನದ ರೇಕನ್ನೋ ಚಿನ್ನದಂತೆ ಹೊಳೆಯುವ ಹಿತ್ತಾಳೆಯ ರೇಕನ್ನೋ ಅಂಟಿಸುತ್ತಿದ್ದರು. ಗಮನಿಸಿ, ಮೊಟ್ಟೆಯ ಬಿಳಿ ಆಗಲೇ ಬಿಸ್ಕತ್ತಿನ ಮೇಲೆ ಬಂದು ಕೂತಿತ್ತು. ಇನ್ನೂ ಬರಬೇಕಾಗಿದ್ದದ್ದು ಸಕ್ಕರೆ.

ಮಸಾಲೆಯ ಮಾತು ಬಂದಾಗ ನಮ್ಮ ಕರಾವಳಿಯನ್ನು ದಾಟಿ ಹೋಗಲಾಗದು. 1505ರ ಮಾರ್ಚಿನಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡಾನ ಪೋರ್ಚುಗೀಸ್ ನೌಕಾಪಡೆ ಲಿಸ್ಬನ್ನಿನಿಂದ ಹೊರಟಿತು. ಅದಕ್ಕೆ ಹಣ ಹಾಕಿದವರಲ್ಲಿ ಆಗ್ಸ್‌ಬರ್ಗಿನ ಫುಗರ್, ವೆಲ್ಸರ್ ಮನೆತನಗಳ ಜೊತೆ ನ್ಯೂರೆಂಬರ್ಗಿನ ಇಮ್‌ಹಾಫ್ ಮತ್ತು ಹಿರ್ಷ್‌ಫೋಗೆಲ್ ವರ್ತಕರೂ ಇದ್ದರು. ಸೆಪ್ಟೆಂಬರಿನಲ್ಲಿ ಆ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ಕೋಟೆ ಕಟ್ಟತೊಡಗಿದವು. ಮುಂದಿನ ತಿಂಗಳು ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಅದೇ ಪಡೆ ಬೆಂಕಿಯಿಟ್ಟಿತು. ಈ ಯಾನದಲ್ಲಿದ್ದ ವೆಲ್ಸರ್ ಮನೆತನದ ಗುಮಾಸ್ತ ಬಾಲ್ತಸಾರ್ ಸ್ಪ್ರೆಂಗರ್ ಊರಿಗೆ ಮರಳಿ 1509ರಲ್ಲಿ ಪ್ರವಾಸಕಥನ ಅಚ್ಚು ಹಾಕಿಸಿದ. ಹಣ ಹಾಕಿದ ವರ್ತಕರು ಲಾಭವನ್ನೂ ಎಣಿಸಿಕೊಂಡರು ಅನ್ನಿ. ಅರ್ಧ ಶತಮಾನದ ನಂತರ ಇದೇ ಕರಾವಳಿಯ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಜರ್ಮನಿಯ ಹಬ್ಬದ ಬಿಸ್ಕತ್ತಿನ ಘಾಟಿಗೆ ಹೊನ್ನಾವರದವರು ತೆತ್ತ ಬೆಲೆಯನ್ನು ಯಾವ ಪಾಕಪುಸ್ತಕವೂ ಬರೆದಿಟ್ಟಿಲ್ಲ.

ಸಕ್ಕರೆಯ ಕಥೆ ಇದಕ್ಕಿಂತ ಕರಾಳ. 18ನೇ ಶತಮಾನದಲ್ಲಿ ಯುರೋಪಿಗೆ ಬರುತ್ತಿದ್ದ ಸಕ್ಕರೆಯ ಬಹುಪಾಲು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳದ್ದು. ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಇಂಗ್ಲೆಂಡಿನ ಸಾವಿರಾರು ಕುಟುಂಬಗಳು ಆ ಸಕ್ಕರೆಯನ್ನು ಬಿಟ್ಟವು. ಮುಂದಿನ ದಶಕಗಳಲ್ಲಿ ‘ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂದು ಸಾರುವ ಬರಹವಿದ್ದ ಸಕ್ಕರೆ ಬಟ್ಟಲುಗಳು ಅಲ್ಲಿನ ಚಹಾ ಮೇಜುಗಳಲ್ಲಿ ಕಾಣಿಸಿಕೊಂಡವು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಬೆವರು ಸುರಿಸಿದ ಭಾರತದ ರೈತನ ಸ್ಥಿತಿಗತಿಯ ಬಗ್ಗೆ ಆ ಬಟ್ಟಲುಗಳು ಏನೂ ಹೇಳಲಿಲ್ಲ.

ಬದಲಾವಣೆ ಬಂದದ್ದು ಬೇರೊಂದು ದಿಕ್ಕಿನಿಂದ. ಹ್ಯಾನಾ ಗ್ಲಾಸ್ ಪುಸ್ತಕ ಹೊರಬಂದ ಅದೇ 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್, ಬೀಟ್ ಗೆಡ್ಡೆಯಲ್ಲಿರುವ ಸಕ್ಕರೆಯೂ ಕಬ್ಬಿನ ಸಕ್ಕರೆಯೂ ಒಂದೇ ಎಂದು ತೋರಿಸಿಕೊಟ್ಟ. ಅವನ ಶಿಷ್ಯ ಫ್ರಾನ್ಸ್ ಆಖಾರ್ಡ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಸೈಲೀಷಿಯಾದ ಕುನೆರ್ನ್ ಎಂಬಲ್ಲಿ ಬೀಟ್ ಸಕ್ಕರೆಯ ಮೊದಲ ಕಾರ್ಖಾನೆ ನಡೆಸಿದ. ನೆಪೋಲಿಯನ್ ಬ್ರಿಟಿಷ್ ವ್ಯಾಪಾರಕ್ಕೆ ಬಾಗಿಲು ಹಾಕಿದಾಗ ಕಬ್ಬಿನ ಸಕ್ಕರೆ ಬರುವುದು ಕಡಿಮೆಯಾಗಿ, ಫ್ರಾನ್ಸಿನಲ್ಲಿ ಬೀಟ್ ಬೆಳೆಯಲು 1811ರಲ್ಲಿ ಅಪ್ಪಣೆಯೇ ಹೊರಟಿತು. ಆಮೇಲೆ ಹಿಂದಿರುಗಿ ನೋಡಿದ್ದಿಲ್ಲ. ಬ್ರಿಟನ್ 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನು ಪೂರ್ತಿ ತೆಗೆದುಹಾಕಿತು. ನೂರು ವರ್ಷದಲ್ಲಿ ಸಕ್ಕರೆ ಧನಿಕರ ತಿಜೋರಿಯಿಂದ ಕೂಲಿಕಾರರ ಡಬ್ಬಿಗೆ ಇಳಿದಿತ್ತು.

ಸಕ್ಕರೆಯ ರೂಪ ಬದಲಾದದ್ದರ ಹಿಂದೆ ಒಂದು ಗಂಡ-ಹೆಂಡಿರ ಪ್ರಸಂಗವೂ ಇದೆ. ಈಗಿನ ಚೆಕ್ ದೇಶದ ದಾಚಿತ್ಸೆ ಊರಿನ ಸಕ್ಕರೆ ಕಾರ್ಖಾನೆಯ ನಿರ್ದೇಶಕ ಯಾಕುಬ್ ರಾಡ್‌ನ ಹೆಂಡತಿ ಯುಲಿಯಾನ ಸಕ್ಕರೆ ಗಟ್ಟಿ ಕತ್ತರಿಸುವಾಗ ಬೆರಳು ಕೊಯ್ದುಕೊಂಡಳಂತೆ. ಇಷ್ಟು ದೊಡ್ಡ ಕಾರ್ಖಾನೆ ನಡೆಸುತ್ತೀರಿ, ಚಹಾಕ್ಕೆ ಹಾಕುವಷ್ಟು ಸಣ್ಣ ತುಂಡು ಮಾಡಲಾಗದೆ ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು ಎನ್ನುತ್ತಾರೆ. 1843ರಲ್ಲಿ ರಾಡ್ ಸಕ್ಕರೆಯ ಘನ ತುಂಡಿಗೆ ಹಕ್ಕುಪತ್ರ ಪಡೆದ. ಆ ಊರಿನಲ್ಲಿ ಈಗ ಸಕ್ಕರೆ ತುಂಡಿಗೊಂದು ಸ್ಮಾರಕವಿದೆ. ಐಸಿಂಗಿಗೆ ಬೇಕಾದ್ದು ತುಂಡಲ್ಲ, ನುಣ್ಣನೆ ಪುಡಿ. ಅದೂ 19ನೇ ಶತಮಾನ ಮುಗಿಯುವ ಹೊತ್ತಿಗೆ ಯಂತ್ರದಲ್ಲಿ ಬೀಸಿ ಅಂಗಡಿಗೆ ಬರತೊಡಗಿತ್ತು. ಒರಳು, ಒನಕೆ, ಜರಡಿಗಳ ಕೆಲಸ ಮುಗಿಯಿತು.

ಇಲ್ಲಿಂದ ಬಿಸ್ಕತ್ತಿನ ಮುಖ ಬದಲಾಗುತ್ತದೆ. ಕೆತ್ತಿದ ಅಚ್ಚಿನ ಜಾಗಕ್ಕೆ ತಗಡಿನ ಕಟರ್ ಬಂತು. ಅದು ಬಾಹ್ಯರೇಖೆಯನ್ನಷ್ಟೇ ಕೊಡುತ್ತದೆ. ನಕ್ಷತ್ರ, ಹೃದಯ, ಮನುಷ್ಯ, ಕುದುರೆ, ಎಲ್ಲವೂ ಚಪ್ಪಟೆ, ಖಾಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಕುಟುಂಬಗಳಿಗೆ ತಗಡುಗಾರರು ಉಳಿಕೆ ತಗಡನ್ನೇ ಬಗ್ಗಿಸಿ ಇಂಥ ಕಟರ್ ಮಾಡಿಕೊಡುತ್ತಿದ್ದರು. ಕಣ್ಣು, ಮೂಗು, ಗುಂಡಿ, ಲಂಗದ ಅಂಚು ಇವನ್ನು ಯಾರಾದರೂ ಬರೆಯಬೇಕು. ಬರೆಯುವ ಕೈ ಈಗ ಮನೆಯವರದ್ದು.

ಎಲ್ಲರೂ ಬರೆಯಲಿಲ್ಲ, ಸುಲಭದ ದಾರಿಯೂ ಇತ್ತು. ಅದೇ ಹೊತ್ತಿಗೆ ಬಣ್ಣದ ಶಿಲಾಮುದ್ರಣ ಅಗ್ಗವಾಗಿತ್ತು. ಸಂತ ನಿಕೋಲಸನದ್ದೋ ದೇವದೂತರದ್ದೋ ಬಣ್ಣದ ಚಿತ್ರ ತಂದು, ಚೂರು ಐಸಿಂಗನ್ನೇ ಗೋಂದು ಮಾಡಿ ಬಿಸ್ಕತ್ತಿಗೆ ಅಂಟಿಸಿಬಿಡುವುದು. ತಿನ್ನುವಾಗ ಕಾಗದ ಕಿತ್ತೆಸೆಯಬೇಕು. ಚಿತ್ರ ಕೂಡಿಟ್ಟುಕೊಳ್ಳುವ ಮಕ್ಕಳು ಕಿತ್ತೆಸೆಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕಾಗದಕ್ಕೆ ಸೋಲದೆ ಉಳಿದ ಕಡೆಗಳಲ್ಲಿ ಉತ್ತರ ಕ್ರೊಯೇಷಿಯಾ ಮುಖ್ಯ. ಅಲ್ಲಿನ ಲಿಚಿತಾರ್ ಎಂಬ ಕೆಂಪು ಹೃದಯದ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಹಿಟ್ಟು, ಸಕ್ಕರೆ ಅಥವಾ ಜೇನು, ನೀರು, ಅಡುಗೆ ಸೋಡ, ಮಸಾಲೆ, ಸಾಮಗ್ರಿ ಇಷ್ಟೇ. ಕಣಕವನ್ನು ಕತ್ತರಿಸಿ, ಬೇಯಿಸಿ, ದಿನಗಟ್ಟಲೆ ಒಣಗಿಸಿ, ಕೆಂಪು ಬಣ್ಣದಲ್ಲಿ ಅದ್ದಿ ಮತ್ತೆ ಒಣಗಿಸುತ್ತಾರೆ. ಆಮೇಲೆ ಐಸಿಂಗಿನ ಬಿಳಿ ಎಳೆ, ಹಳದಿ ಹೂವು, ಹಸಿರು ಎಲೆ ಅದರ ಮೇಲೆ ಹರಿಯುತ್ತವೆ. ನಡುವೆ ಪುಟ್ಟ ಕನ್ನಡಿ. ಕೆಲವಕ್ಕೆ ಪ್ರೇಮದ ನಾಲ್ಕು ಸಾಲು. ಹುಡುಗ ಹುಡುಗಿಗೆ ಕೊಟ್ಟರೆ ಕನ್ನಡಿಯಲ್ಲಿ ಅವಳ ಮುಖವೇ ಕಾಣಬೇಕು ಎಂಬ ಜಾಣತನ. ಮಾರಿಯಾ ಬಿಸ್ತ್ರಿತ್ಸಾದಂಥ ಯಾತ್ರಾಸ್ಥಳಗಳಲ್ಲಿ, ಊರಹಬ್ಬಗಳಲ್ಲಿ ಇವನ್ನು ಮಾರುತ್ತಾರೆ. ಕೊಂಡವರು ತಿನ್ನುವುದಕ್ಕಿಂತ ಗೋಡೆಗೆ ನೇತುಹಾಕುವುದೇ ಹೆಚ್ಚು.

ಈ ಕಸುಬನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಾಖಲೆಯಲ್ಲಿ ಕಣ್ಣಿಗೆ ಬೀಳುವ ವಿಷಯ ಒಂದಿದೆ. ಮಠಗಳಲ್ಲಿ ಶುರುವಾಗಿ ಕಸುಬಾಗಿ ಬೆಳೆದ ಈ ವಿದ್ಯೆ ಮೊದಲು ಗಂಡಸರಿಗೆ ಮಾತ್ರ ದಾಟುತ್ತಿತ್ತು, ಈಗ ಹೆಂಗಸರಿಗೂ ಸಿಕ್ಕಿದೆ. ಒಬ್ಬೊಬ್ಬರು ತಮ್ಮ ತಮ್ಮ ಸೀಮೆಯಲ್ಲಿ ಕೆಲಸ ಮಾಡುತ್ತಾರೆ, ಇನ್ನೊಬ್ಬರ ಸೀಮೆಗೆ ಕೈ ಹಾಕುವುದಿಲ್ಲ.

ಐಸಿಂಗಿನಿಂದ ಸಿಂಗರಿಸಿದ ಜಿಂಜರ್‌ಬ್ರೆಡ್ ಮನೆಯ ಕಲ್ಪನೆಗೆ ಬೀಜ ಹಾಕಿದ್ದು ಗ್ರಿಮ್ ಸೋದರರು ಎನ್ನುತ್ತಾರೆ. 1812ರಲ್ಲಿ ಅವರು ಪ್ರಕಟಿಸಿದ ಹಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ ಕಾಡಿನ ಮಾಟಗಾತಿಯ ಮನೆ ರೊಟ್ಟಿಯದ್ದು, ಮಾಡು ಕೇಕಿನದ್ದು, ಕಿಟಕಿ ಸಕ್ಕರೆಯದ್ದು. ಹಸಿವಿನಿಂದ ಕಂಗೆಟ್ಟು ಹೆತ್ತವರೇ ಕಾಡಿಗೆ ಅಟ್ಟಿದ ಮಕ್ಕಳ ಕಥೆಯಲ್ಲಿ ಸಕ್ಕರೆಯ ಕಿಟಕಿ ಬರುವುದು ಸಹಜ. ಮುಂದೆ ಅಡೆಲ್ಹೈಡ್ ವೆಟ್ಟೆ ಎಂಬಾಕೆ ತನ್ನ ಮಕ್ಕಳು ಮನೆಯಲ್ಲಿ ಆಡಲೆಂದು ಈ ಕಥೆಗೆ ಹಾಡು ಬರೆದು, ರಾಗ ಹಾಕಲು ಅಣ್ಣ ಎಂಗೆಲ್‌ಬರ್ಟ್ ಹುಂಪರ್ಡಿಂಕ್‌ಗೆ ಕೊಟ್ಟಳು. ಮನೆಯಾಟ ಬೆಳೆದು ಒಪೆರಾ ಆಯಿತು. 1893ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು, ವೈಮರ್ ನಗರದಲ್ಲಿ ರಿಚರ್ಡ್ ಸ್ಟ್ರಾಸ್ ಅದರ ಮೊದಲ ಪ್ರದರ್ಶನ ನಡೆಸಿಕೊಟ್ಟ. ಕ್ರಿಸ್‌ಮಸ್ಸಿಗೂ ಆ ಮನೆಗೂ ನಂಟು ಗಟ್ಟಿಯಾಗಲು ಈ ಒಪೆರಾದ ಪಾಲು ದೊಡ್ಡದು.

ಆ ಮನೆ ಈಗ ಊರೇ ಆಗಿದೆ. ನಾರ್ವೆಯ ಬರ್ಗೆನ್ನಿನಲ್ಲಿ 1991ರಿಂದ ಪ್ರತಿ ಚಳಿಗಾಲ ಶಾಲೆ, ಶಿಶುವಿಹಾರದ ಮಕ್ಕಳು, ಮನೆಮಂದಿ, ಕಚೇರಿಯವರು ಮಾಡಿಕೊಟ್ಟ ಜಿಂಜರ್‌ಬ್ರೆಡ್ ಮನೆ, ಹಡಗು, ರೈಲುಗಳನ್ನೆಲ್ಲ ಸೇರಿಸಿ ಒಂದು ನಗರ ಕಟ್ಟುತ್ತಾರೆ. 2009ರಲ್ಲಿ ಯಾರೋ ಒಳನುಗ್ಗಿ ಅದನ್ನು ಪುಡಿ ಮಾಡಿದರು. ಊರಿನವರು ಮತ್ತೆ ಹಿಟ್ಟು ಕಲಸಿ ಆ ವರ್ಷವೇ ನಗರವನ್ನು ಎಬ್ಬಿಸಿ ನಿಲ್ಲಿಸಿದರು.

ಅಮೆರಿಕದ ದಾರಿ ಸ್ವಲ್ಪ ಬೇರೆ. 1796ರಲ್ಲಿ ಅಮೇಲಿಯಾ ಸಿಮನ್ಸ್ ಬರೆದ, ಅಮೆರಿಕದವರೊಬ್ಬರ ಮೊದಲ ಅಡುಗೆ ಪುಸ್ತಕ ಎನ್ನಿಸಿಕೊಂಡ ಕೃತಿಯಲ್ಲಿ ಕ್ರಿಸ್‌ಮಸ್ ಕುಕ್ಕಿಯ ವಿಧಾನವಿದೆ. ಅದರಲ್ಲಿ ಐಸಿಂಗಿನ ಸುಳಿವಿಲ್ಲ. ಕೊತ್ತಂಬರಿ ಬೀಜದ ಪುಡಿ ಹಾಕಿ ಮಾಡಿದ ಬಿಸ್ಕತ್ತನ್ನು ಮಣ್ಣಿನ ಮಡಕೆಯಲ್ಲಿ ಆರು ತಿಂಗಳು ಇಟ್ಟರೆ ಇನ್ನೂ ಮೃದುವಾಗಿ ರುಚಿಯಾಗುತ್ತದೆ ಎಂಬ ಭರವಸೆ ಇದೆ. ಈ ಸಹನೆ ಯಾವ ಮನೆಯ ಮಕ್ಕಳಿಗಿತ್ತೋ! ಅಲಂಕಾರದ ಹುಚ್ಚು ಹತ್ತಿದ್ದು ತಡವಾಗಿ. ಷಿಕಾಗೋದಲ್ಲಿ ಮಿಠಾಯಿಗಾರ ಡೂಯಿ ಮಕಿನ್ಲಿ ವಿಲ್ಟನ್ 1929ರಲ್ಲಿ ಕೇಕ್ ಅಲಂಕಾರ ಕಲಿಸತೊಡಗಿದ. ಅವನ ಹೆಸರಿನ ಸಂಸ್ಥೆ ಮುಂದೆ ನಳಿಕೆ, ಚೀಲ, ಬಣ್ಣ, ಪುಸ್ತಕಗಳನ್ನು ಮನೆಮನೆಗೆ ಮಾರಿತು. ಸಂಘದ ಒಳಗೆ ಅಡಗಿದ್ದ ವಿದ್ಯೆ ಹೀಗೆ ಅಂಚೆಯಲ್ಲಿ ತರಿಸಿಕೊಳ್ಳುವ ಸಾಮಾನಾಯಿತು.

ಕೆಲಸದ ಮರ್ಮ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನು ಕಡೆದಷ್ಟೂ ಗಾಳಿಯನ್ನು ಹಿಡಿದಿಡುತ್ತದೆ. ನಿಂಬೆರಸದ ಹುಳಿ ಆ ನೊರೆ ಕುಸಿಯದಂತೆ ನೋಡಿಕೊಳ್ಳುತ್ತದೆ. ನೀರು ಆರಿದ ಮೇಲೆ ಸಕ್ಕರೆಯ ಸಣ್ಣ ಹರಳುಗಳು ಗಟ್ಟಿ ಪದರವಾಗಿ ಉಳಿಯುತ್ತವೆ. ಕುಕ್ಕಿಗೆ ಎರಡು ಹದದ ಐಸಿಂಗ್ ಬೇಕು. ಮೊದಲು ಗಟ್ಟಿ ಹದದ್ದನ್ನು ಕಾಗದದ ಕೋನಿಗೆ ತುಂಬಿ, ಮೆಹಂದಿ ಹಾಕುವ ಹಾಗೆ ಅಂಚಿನ ಸುತ್ತ ಗೆರೆ ಎಳೆಯುತ್ತಾರೆ. ಆ ಗೆರೆ ಬದು. ಒಳಗೆ ತೆಳು ಹದದ್ದನ್ನು ಬಿಟ್ಟರೆ ಅದು ತಾನೇ ಹರಡಿಕೊಂಡು ಸಮನಾಗುತ್ತದೆ. ಹಸಿಯಿರುವಾಗಲೇ ಇನ್ನೊಂದು ಬಣ್ಣದ ಚುಕ್ಕಿಯಿಟ್ಟು ಕಡ್ಡಿಯಿಂದ ಎಳೆದರೆ ಎಲೆ, ಹೃದಯ, ನವಿಲುಗರಿ.

ಕರ್ನಾಟಕದಲ್ಲಿ ಈ ಇತಿಹಾಸದ ಇನ್ನೊಂದು ಕವಲು ಸಿಗುತ್ತದೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸಂಕ್ರಾಂತಿಗೆ ಮಾಡುವ ಸಕ್ಕರೆ ಅಚ್ಚಿನಲ್ಲಿ ಮರದ ಕೆತ್ತನೆಗೆ ಮನೆಯ ಹೆಂಗಸರೇ ಒಡತಿಯರು. ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಕುದಿಯುವಾಗ ಒಂದಿಷ್ಟು ಹಾಲು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು ಶೋಧಿಸುತ್ತಾರೆ. ಪಾಕವನ್ನು ಬೆಳ್ಳಗಾಗುವವರೆಗೆ ತಿರುವಿ, ನೀರಿನಲ್ಲಿ ನೆನೆಸಿ ಬಿಗಿದು ಕಟ್ಟಿದ ಅಚ್ಚಿಗೆ ಸುರಿದರೆ ಆನೆ, ಮೀನು, ತುಳಸಿಕಟ್ಟೆ, ದೇವಸ್ಥಾನದ ಗೋಪುರ ಸಿದ್ಧ. ಅಚ್ಚುಗಳು ಅತ್ತೆಯಿಂದ ಸೊಸೆಗೆ, ಅಮ್ಮನಿಂದ ಮಗಳಿಗೆ ಬರುತ್ತವೆ. ಹಬ್ಬಕ್ಕೆ ಮುಂಚೆ ಅಕ್ಕಪಕ್ಕದವರು ಎರವಲು ಕೇಳುವುದೂ ಉಂಟು. ಎಳ್ಳು ಬೀರಲು ಹೋದ ಹುಡುಗಿಯರ ತಟ್ಟೆಯಲ್ಲಿ ಯಾವ ಮನೆಯ ಅಚ್ಚು ಎಷ್ಟು ಬೆಳ್ಳಗಿದೆ ಎಂಬ ವಿಮರ್ಶೆ ಸದ್ದಿಲ್ಲದೆ ನಡೆಯುತ್ತದೆ. ನ್ಯೂರೆಂಬರ್ಗಿನ ಸಂಘ ಇದನ್ನು ಕಂಡಿದ್ದರೆ ದಂಡ ಹಾಕುತ್ತಿತ್ತೇನೋ.

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಗೂ ಸಕ್ಕರೆಯ ಹೊದಿಕೆ ಗೊತ್ತು. ಕಿಡಿಯೊ ಎಂಬ ತಿಂಡಿಗೆ ಕಣಕದ ಗುಳಿಗೆಯನ್ನು ಬಾಚಣಿಗೆಯ ಅಥವಾ ಫೋರ್ಕಿನ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತುತ್ತಾರೆ. ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಆರಿದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ನಾಲ್ಕಾರು ಜನ ಸೇರಿ ಸುತ್ತದೆ ಹೋದರೆ ಮುಗಿಯದ ಕೆಲಸ ಅದು. ತಯಾರಾದ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ, ಜಾತಿ ಮತ ಕೇಳದೆ.

ಐಸಿಂಗ್ ಕುಕ್ಕಿ ಬೆಂಗಳೂರು, ಮಂಗಳೂರು, ಮೈಸೂರಿನ ಮನೆ ಬೇಕರಿಗಳಿಗೆ ಬಂದದ್ದು ಈಚೆಗೆ. ಅದೂ ಫೋನಿನ ಪರದೆಯಲ್ಲಿ ನೋಡಿ ಕಲಿತದ್ದೇ ಹೆಚ್ಚು. ನಾಮಕರಣಕ್ಕೆ ತೊಟ್ಟಿಲು, ಗೃಹಪ್ರವೇಶಕ್ಕೆ ಕಳಶ, ದೀಪಾವಳಿಗೆ ಹಣತೆ ಬರೆದ ಕುಕ್ಕಿಗಳನ್ನು ಹೇಳಿ ಮಾಡಿಸಿಕೊಳ್ಳುವವರಿದ್ದಾರೆ. ಹಸಿ ಮೊಟ್ಟೆಯ ಬಿಳಿ ಇಲ್ಲಿ ಎರಡು ಕಾರಣಕ್ಕೆ ನಡೆಯುವುದಿಲ್ಲ. ಬೇಯಿಸದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದೆಂಬ ಭಯ ಒಂದು. ಅದಕ್ಕೆ ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಬಿಳಿ ಸಿಗುತ್ತದೆ. ಇನ್ನೊಂದು, ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಯೇ ಎಗ್‌ಲೆಸ್ಸಾ ಎಂಬುದು. ಆಗ ಐಸಿಂಗ್ ಸಕ್ಕರೆಯನ್ನು ಹಾಲು, ನಿಂಬೆರಸದಲ್ಲಿ ಕಲಸಿಕೊಳ್ಳುತ್ತಾರೆ. ಅದು ಒಣಗಲು ಹೆಚ್ಚು ಹೊತ್ತು ಬೇಕು, ಗಟ್ಟಿತನವೂ ಕಡಿಮೆ. ಆಷಾಢದ ಮಂಗಳೂರಿನಲ್ಲಂತೂ ಗಾಳಿಯ ತೇವಕ್ಕೆ ರಾತ್ರಿಯಿಡೀ ಇಟ್ಟರೂ ಬೆರಳಿಗೆ ಅಂಟುತ್ತದೆ, ಕಪ್ಪು ಬಣ್ಣ ಪಕ್ಕದ ಬಿಳಿಗೆ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಫ್ಯಾನು, ಎಸಿ ಹಾಕಿ ಒಣಗಿಸುತ್ತಾರೆ, ಇಲ್ಲವೇ ಒಂದೇ ಬಣ್ಣದ ವಿನ್ಯಾಸಕ್ಕೆ ಒಪ್ಪಿಸುತ್ತಾರೆ. ನಾಲ್ಕೈದು ಬಣ್ಣದ ಕೆಲಸಕ್ಕೆ ಒಣಹವೆಯ ಡಿಸೆಂಬರ್, ಜನವರಿಯೇ ಒಳ್ಳೆಯ ಕಾಲ.